ಹಟ ಹೇಗೆ ಬಲಿಯುತ್ತದೆ?

ಪ್ರಶ್ನೆ: ಮಗನಿಗೆ 11 ವರ್ಷ. ಒಂದನೇ ಕ್ಲಾಸಿನಿಂದಲೂ ದೂರು ಇದ್ದದ್ದೇ. ಈಗ ತಂಗಿಗೆ ಹೊಡೆಯುತ್ತಾನೆ, ನನ್ನ ಪರ್ಸಿನಿಂದ ದುಡ್ಡು ತೆಗೆಯುತ್ತಾನೆ. ಮೊಬೈಲ್ ಕೊಡದಿದ್ದರೆ ಪಾತ್ರೆ ಎಸೆಯುತ್ತಾನೆ. ಕಾಫಿ ಕೊಯ್ಲಿನಲ್ಲಿ ನಾನು ಮನೆಗೆ ಬರುವಾಗಲೇ ಸುಸ್ತು, ಕೊಟ್ಟುಬಿಡುತ್ತೇನೆ. ಅತ್ತೆ ‘ದೊಡ್ಡಪ್ಪನ ರಕ್ತ’ ಅಂತಾರೆ. ತಪ್ಪು ನನ್ನದಾ?
– ಒಬ್ಬ ತಾಯಿ, ಮೂಡಿಗೆರೆ

ಉತ್ತರ: ಆ ದೊಡ್ಡಪ್ಪನನ್ನು ಬಿಟ್ಟುಬಿಡಿ, ಪಾಪ. ಕೆಲವು ಮಕ್ಕಳು ಹುಟ್ಟಾ ಸಿಡುಕರು, ನಿಜ. ಆದರೆ ಸಿಡುಕು ಇಷ್ಟು ದೂರ ಬರಲು ದಿನಾ ಅಭ್ಯಾಸ ಬೇಕು. ಅದು ನಿಮ್ಮ ಪತ್ರದಲ್ಲೇ ಇದೆ.

ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿ ಮನೆಯೊಳಗಿನ ಇಂಥ ಜಗಳಗಳನ್ನೇ ಗಮನಿಸಿ ನೋಡಿದರು. ಅವರು ಕಂಡದ್ದನ್ನು ನಿಮ್ಮ ಮನೆಗೆ ಹೊಂದಿಸಿದರೆ ಹೀಗೆ. ನೀವು ಬೇಡ ಅಂತೀರಿ. ಅವನು ಕಿರುಚುತ್ತಾನೆ. ನೀವೂ ಕಿರುಚುತ್ತೀರಿ. ಪಾತ್ರೆ ಹಾರುತ್ತದೆ, ಮೊಬೈಲ್ ಅವನ ಕೈಗೆ ಹೋಗುತ್ತದೆ, ಮನೆ ತಣ್ಣಗಾಗುತ್ತದೆ. ಎಸೆದರೆ ಸಿಗುತ್ತದೆ ಅಂತ ಅವನು ಕಲಿತ. ಕೊಟ್ಟರೆ ಗಲಾಟೆ ನಿಲ್ಲುತ್ತದೆ ಅಂತ ನೀವು ಕಲಿತಿರಿ. ಇಬ್ಬರಿಗೂ ಲಾಭ, ಹಾಗಾಗಿ ನಾಳೆಯೂ ಅದೇ. ಅವನು ನಿಮ್ಮನ್ನು ಪಳಗಿಸಿದ್ದಾನೆ, ನೀವು ಅವನನ್ನು. ತಪ್ಪು ಯಾರದು ಅಂತ ಹುಡುಕುವುದು ಸುಮ್ನೆ.

ಇದೇ ಪಾಠ ಶಾಲೆಗೂ ಹೋಗುತ್ತದೆ. ತಳ್ಳಾಡುವವನನ್ನು ಯಾರೂ ಆಟಕ್ಕೆ ಸೇರಿಸುವುದಿಲ್ಲ. ಓದಿನಲ್ಲೂ ಹಿಂದೆ ಬೀಳುತ್ತಾನೆ. ಕೊನೆಗೆ ತನ್ನಂಥವರೇ ಗೆಳೆಯರು, ಆಮೇಲೆ ಅವರಿಂದ ಕಲಿಯುವುದು ಬೇರೆ.

‘ಮೀಸೆ ಬಂದರೆ ಸರಿಹೋಗ್ತಾನೆ’ ಅನ್ನುವವರು ನಿಮ್ಮೂರಲ್ಲೂ ಇರುತ್ತಾರೆ, ಅಲ್ವಾ? ಟೆರಿ ಮಾಫಿಟ್ ಎಂಬ ಸಂಶೋಧಕಿ 1993ರಲ್ಲೇ ಇಂಥ ಮಕ್ಕಳು ಎರಡು ದಾರಿಯಲ್ಲಿ ಬೆಳೆಯುತ್ತಾರೆ ಅಂದರು. ಹದಿಹರೆಯದಲ್ಲಿ ಗೆಳೆಯರ ಜೊತೆ ಪುಂಡಾಟ ಶುರು ಮಾಡಿದವರು ಹೆಚ್ಚಾಗಿ ದೊಡ್ಡವರಾದ ಮೇಲೆ ಬಿಡುತ್ತಾರೆ. ಚಿಕ್ಕಂದಿನಲ್ಲೇ ಶುರುವಾದದ್ದು ಮುಂದುವರಿಯುವ ಭಯ ಜಾಸ್ತಿ. ಎಲ್ಲರಲ್ಲೂ ಮುಂದುವರಿಯುವುದಿಲ್ಲ, ಆದರೆ ನಿಮ್ಮ ಮಗನ ವಿಷಯದಲ್ಲಿ ಕಾಯುವುದು ಬೇಡ.

ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಮೊದಲು ಮೊಬೈಲ್ ಒಂದೇ. ಎಷ್ಟು ಹೊತ್ತು ಅಂತ ಮೊದಲೇ, ಜಗಳ ಇಲ್ಲದಾಗ ಹೇಳಿ. ಬೇಡ ಅಂದ ಮೇಲೆ ಪಾತ್ರೆ ಹಾರಿದರೂ ಕೊಡಬೇಡಿ. ಮೊದಮೊದಲು ಎಸೆತ ಜಾಸ್ತಿಯೇ ಆಗುತ್ತದೆ. ಅಲ್ಲಿ ಸೋತರೆ ಇನ್ನೂ ಜೋರಾಗಿ ಎಸೆಯಬೇಕು ಅಂತ ಕಲಿಸಿದ ಹಾಗೆ. ಹೊಡೆಯಬೇಡಿ, ಅದನ್ನೇ ಅವನು ತಂಗಿಯ ಮೇಲೆ ಮಾಡುತ್ತಾನೆ. ತಂಗಿಯ ಜೊತೆ ಜಗಳವಿಲ್ಲದೆ ಆಡಿದ ದಿನ ಅದನ್ನು ಗುರುತಿಸಿ ಹೇಳಿ.

ಕನ್ನಡ ಪುಸ್ತಕ ಸರಾಗವಾಗಿ ಓದುತ್ತಾನಾ, ಮೇಷ್ಟ್ರನ್ನು ಕೇಳಿ. ಓದಲಾಗದ ಸಿಟ್ಟೂ ಹೀಗೆ ಹೊರಬರುತ್ತದೆ. ಚಿಕ್ಕಮಗಳೂರಿಗೆ ಬಂದಾಗ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಅಷ್ಟರೊಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯವರಿಗೂ ಈ ಉತ್ತರ ಓದಿ ಹೇಳಿ. ನೀವು ಕೊಡದ ಮೊಬೈಲನ್ನು ಅವರು ಹಿತ್ತಲಲ್ಲಿ ಕೊಟ್ಟರೆ ಇಷ್ಟೂ ಮಾಡಿದ್ದು ದಂಡ.