ಮೂಡಿಗೆರೆ ಕಡೆ ನಮ್ಮದು ಮಣ್ಣಿನ ಗೋಡೆಯ ಹಳೇ ಮನೆ. ಅದರ ಉಪ್ಪರಿಗೆಯಲ್ಲಿ ನಡೆದರೆ ಹಲಗೆ ನೆಲ ತೂಗುತ್ತದೆ. ಹಲಗೆ ಹೊತ್ತ ಜಂತೆಗಳ ಮಧ್ಯೆ ಅಡ್ಡತುಂಡು ಹಾಕಿಸಿದರೆ ಸಾಕಾ?

ತುಂಬಾ ಸಲ ಸಾಕಾಗುತ್ತದೆ. ಆದರೆ ಮೊದಲು ಜಂತೆಗಳ ತುದಿ ನೋಡಿ. ನಿಮ್ಮದು ಮೂಡಿಗೆರೆ ಕಡೆಯ ಮಣ್ಣಿನ ಗೋಡೆಯ ಮನೆ ಅಂದಿದ್ದೀರಿ. ನಾನು ಈ ಭಾಗದ ಹಳೇ ಮನೆಗಳಲ್ಲೇ ಮರಗೆಲಸ ಮಾಡುವವನು. ಮಳೆ ಹೊಡೆಯುವ ಗೋಡೆ ಇಲ್ಲಿ ತಿಂಗಳುಗಟ್ಟಲೆ ಒದ್ದೆ ಇರುತ್ತದೆ. ಅದರೊಳಗೆ ಕೂತ ಜಂತೆಯ ತುದಿ ಕುಂಬಾಗುತ್ತದೆ, ಗೆದ್ದಲು ಹಿಡಿಯುವುದೂ ಅಲ್ಲೇ. ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ ಅಡ್ಡತುಂಡಿನ ಯೋಚನೆ ಬಿಡಿ. ಕೆಳಗಿಂದ ಆಸರೆ ಕೊಟ್ಟು ತುದಿಯನ್ನೇ ಸರಿ ಮಾಡಿಸಬೇಕು.

ತುದಿ ಗಟ್ಟಿ ಇದೆಯಾ? ಹಾಗಾದರೆ ಧಾರಾಳವಾಗಿ ಹಾಕಿಸಿ. ಅಡ್ಡತುಂಡಿನಿಂದ ಜಂತೆಯ ಶಕ್ತಿ ಹೆಚ್ಚುವುದಿಲ್ಲ, ಭಾರ ಹಂಚಿಹೋಗುತ್ತದೆ. ನೀವು ಕಾಲಿಟ್ಟ ಜಂತೆಯ ಜೊತೆ ಅಕ್ಕಪಕ್ಕದವೂ ಹೊರುತ್ತವೆ, ತಿರುಚಿಕೊಳ್ಳುವುದೂ ನಿಲ್ಲುತ್ತದೆ. ತುಂಡು ಜಂತೆಯಷ್ಟೇ ಎತ್ತರ ಇರಲಿ, ಉದ್ದದ ನಡುಭಾಗದಲ್ಲಿ ಗೋಡೆಯಿಂದ ಗೋಡೆಗೆ ಒಂದೇ ಸಾಲಾಗಿ ಬರಲಿ. ಸುತ್ತಿಗೆಯಲ್ಲಿ ಹೊಡೆದು ಕೂರಿಸುವಷ್ಟು ಬಿಗಿ ಇರಬೇಕು. ಸಡಿಲ ಇದ್ದರೆ ಸುಮ್ನೆ ದಂಡ. ಬರೀ ಮೊಳೆ ಬೇಡ, ಸ್ಕ್ರೂ ಹಾಕಿಸಿ.

ಈ ಕೆಲಸ ಮಾರ್ಚ್-ಏಪ್ರಿಲ್‌ನಲ್ಲೇ ಮಾಡಿಸಿ ಅಂತ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮಳೆಗಾಲದಲ್ಲಿ ಜಂತೆ ಉಬ್ಬಿರುತ್ತದೆ. ಆಗ ಬಿಗಿಯಾಗಿ ಕೂತದ್ದು ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ. ತೋಟದಲ್ಲಿ ಈಗಷ್ಟೇ ಕಡಿಸಿದ ಸಿಲ್ವರ್ ಓಕ್ ಇದೆ ಅಂತ ಅದನ್ನೇ ಕೊಡಬೇಡಿ. ಹಸಿ ಮರ ಒಣಗಿದರೆ ಸಂದು ಬಿಡುತ್ತದೆ, ಹುಳವೂ ಬೇಗ ಹಿಡಿಯುತ್ತದೆ. ಹಳೇ ಹೊನ್ನೆ, ಮತ್ತಿ ತುಂಡು ಸಿಕ್ಕರೆ ಬಿಡಬೇಡಿ.

ಅಷ್ಟಾದರೂ ತೂಗಿದರೆ ಜಂತೆ ಸಣ್ಣದು, ಇಲ್ಲವೇ ಕೋಣೆ ಅಗಲ ಜಾಸ್ತಿ. ಆಗ ಪ್ರತಿ ಜಂತೆಗೂ ಒಂದೊಂದು ಜೊತೆ ಮರ ಸೇರಿಸಿ ಬೋಲ್ಟ್ ಹಾಕಿಸಬಹುದು. ಇಲ್ಲಿ ದಪ್ಪಕ್ಕಿಂತ ಎತ್ತರ ನೋಡಿ. ದಪ್ಪ ಎರಡರಷ್ಟಾದರೆ ಬಾಗುವುದು ಅರ್ಧಕ್ಕೆ ಇಳಿಯುತ್ತದೆ, ಎತ್ತರ ಎರಡರಷ್ಟಾದರೆ ಎಂಟರಲ್ಲಿ ಒಂದು ಪಾಲಿಗೆ. ಕೆಳಗೆ ನಡುವೆ ಒಂದು ತೊಲೆ ಕೊಡಲು ಜಾಗ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಒಬ್ಬರು ನಡೆದಾಗಿನ ಬಾಗು ಅದರಲ್ಲೂ ಹೆಚ್ಚುಕಡಿಮೆ ಎಂಟರಲ್ಲಿ ಒಂದು ಪಾಲಿಗೇ ಇಳಿಯುತ್ತದೆ, ಹಲಗೆ ಕೀಳುವ ರಗಳೆಯೂ ಇಲ್ಲ.

ವೈರಿಂಗ್‌ನವರು ಜಂತೆಯ ಅಡಿಭಾಗ ಕೊರೆಯದಂತೆ ನಿಂತು ನೋಡಿಕೊಳ್ಳಿ. ಉಪ್ಪರಿಗೆಯಲ್ಲಿ ಕಾಫಿ ಮೂಟೆ ಇಡುವ ರೂಢಿ ನಿಮ್ಮಲ್ಲೂ ಇದ್ದರೆ, ರಿಪೇರಿ ಆಗುವ ತನಕ ಎಲ್ಲವನ್ನೂ ಕೆಳಗಿಳಿಸಿಬಿಡಿ.