ಚಿಂತಾಮಣಿಯಲ್ಲಿ ಮಾಡಿಫೈ ಮಾಡಿದ ಹಳೇ ಮಹೀಂದ್ರಾ ಥಾರ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ) ಜೀಪ್ ಸಿಕ್ಕಿದೆ, ತಗೊಳ್ಳಬಹುದಾ?

ತಗೊಳ್ಳಬಹುದು, ಆದರೆ ಗಾಡಿಗಿಂತ ಮೊದಲು ಆರ್‌ಸಿ ನೋಡಿ. ಇಂಜಿನ್ ನಂಬರ್, ಚಾಸಿ ನಂಬರ್, ಬಣ್ಣ, ಸೀಟು ಎಲ್ಲ ಅದರಲ್ಲಿರುವ ಹಾಗೇ ಇರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಇಂಜಿನ್ ಬದಲಾಗಿದ್ದರೆ ಆರ್‌ಟಿಒ ಒಪ್ಪಿಗೆ ಪತ್ರ ಕೇಳಿ. "ಆಮೇಲೆ ಮಾಡಿಸಿಕೊಡ್ತೀನಿ" ಅಂದರೆ ಎದ್ದು ಬನ್ನಿ.

ಆಮೇಲೆ ಗಾಡಿಯ ಕೆಳಗೆ ಮಲಗಿ ನೋಡಿ. ಚಾಸಿಗೆ ವೆಲ್ಡಿಂಗ್ ಹಾಕಿದ್ದರೆ ನಾನಂತೂ ಬೇಡ ಅಂತೀನಿ. ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ ಗೇರು ಪೆಟ್ಟಿಗೆ) ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಫೋರ್ ಲೋ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯುವ ಗೇರ್, ಹಾಕಿ ಓಡಿಸಿ, ಆದರೆ ಸಡಿಲ ಮಣ್ಣಿನ ಮೇಲೆ ಮಾತ್ರ. ಟಾರ್ ರಸ್ತೆಯಲ್ಲಿ ಹಾಗೆ ತಿರುಗಿಸಿದರೆ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡು ಗೇರುಗಳ ಮೇಲೆ ಭಾರ ಬೀಳುತ್ತದೆ.

ತುಂಬಾ ಎತ್ತರಿಸಿದ ಗಾಡಿ ನೋಡಲು ಚೆನ್ನ. ಆದರೆ ತಿರುವಿನಲ್ಲಿ ಪಲ್ಟಿಯಾಗುವ ಭಯ ಜಾಸ್ತಿ. ದೊಡ್ಡ ಟೈರ್ ಹಾಕಿದರೆ ಕ್ಲಚ್ ಬೇಗ ಸವೆಯುತ್ತದೆ, ಸ್ಪೀಡೋಮೀಟರ್ ಕಡಿಮೆ ವೇಗ ತೋರಿಸುತ್ತದೆ. ನಮ್ಮ ಚಿಕ್ಕಬಳ್ಳಾಪುರದ ಕಲ್ಲುಬೆಟ್ಟದ ಕಡೆಗೆ ಮೂಲ ಅಳತೆಯ ಒಳ್ಳೇ ಆಲ್ ಟೆರೇನ್ (ರಸ್ತೆ, ಮಣ್ಣು ಎರಡಕ್ಕೂ ಆಗುವ) ಟೈರ್, ಕೆಳಗೊಂದು ಗಟ್ಟಿ ಸ್ಕಿಡ್ ಪ್ಲೇಟ್ (ಗಾಡಿಯ ಅಡಿಗೆ ಕಲ್ಲು ತಾಗದಂತೆ ಕಾಯುವ ತಗಡು) ಸಾಕು. ಮಣ್ಣಲ್ಲಿ ಹೋಗುವಾಗ ಟೈರ್ ಗಾಳಿ ಸ್ವಲ್ಪ ಇಳಿಸಿ. ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕಲ್ವಾ, ಅದಕ್ಕೆ ಒಂದು ಚಿಕ್ಕ ಕಂಪ್ರೆಸರ್ ಗಾಡಿಯಲ್ಲೇ ಇಟ್ಟುಕೊಳ್ಳಿ.