ಸಕ್ಕರೆ ಕಾಯಿಲೆ ಜಾಸ್ತಿ ಇರುವ ಕಡೆಯೇ ಸಾವೂ ಜಾಸ್ತಿನಾ?

ಗೋವಾದಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಅಂದ ಮೇಲೆ ಅದರಿಂದ ಸಾಯುವವರೂ ಅಲ್ಲೇ ಜಾಸ್ತಿ ಇರಬೇಕಲ್ವಾ ಅಂತ ಕೇಳಿದ್ದೀರಿ. ಹಾಗೆ ನೇರವಾಗಿ ಲೆಕ್ಕ ಹಾಕಲು ಬರುವುದಿಲ್ಲ.

2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ಗೋವಾದಲ್ಲಿ ಶೇ 26.4, ಉತ್ತರ ಪ್ರದೇಶದಲ್ಲಿ ಶೇ 4.8 ವಯಸ್ಕರಿಗೆ ಈ ಕಾಯಿಲೆ ಇದೆ. ಆದರೆ ಕಾಯಿಲೆ ಬರುವುದು ಬೇರೆ, ಅದು ಜೀವ ತೆಗೆಯುವುದು ಬೇರೆ. ಬೇಗ ಗೊತ್ತಾಯಿತಾ, ಮಾತ್ರೆ ತಪ್ಪದೆ ಸಿಗುತ್ತಾ, ಅರ್ಧ ದಿನ ರಜೆ ಹಾಕಿ ಡಾಕ್ಟರ ಹತ್ತಿರ ಹೋಗಲು ಆಗುತ್ತಾ? ಎಲ್ಲ ನಿಂತಿರುವುದು ಇದರ ಮೇಲೆ.

ಪೀಣ್ಯದಲ್ಲಿ ನಮ್ಮ ಬೀದಿಯ ಅಕ್ಕ ಒಬ್ಬರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಯಿತು. ಸಕ್ಕರೆ ಇದ್ದಿದ್ದರಿಂದ ನೋವೇ ಗೊತ್ತಾಗಲಿಲ್ಲ. ರಜೆ ಹಾಕಿದರೆ ಸಂಬಳ ಕಟ್. ಅರಿಶಿನ ಹಚ್ಚಿಕೊಂಡು ಮೂರು ವಾರ ಓಡಾಡಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬೆರಳು ಕಪ್ಪಾಗಿತ್ತು, ತೆಗೆದೇಬಿಟ್ಟರು. ಮನೆಯಲ್ಲಿ ಫ್ರಿಜ್ ಇಲ್ಲ. ಇನ್ಸುಲಿನ್ ಬಾಟಲಿ ಈಗಲೂ ಒದ್ದೆ ಮರಳಿನ ಮಡಕೆಯಲ್ಲಿದೆ. ಇಂಥವರಿಗೆ ‘ಅನ್ನ ಕಮ್ಮಿ ಮಾಡಿ, ವಾಕಿಂಗ್ ಹೋಗಿ’ ಅಂತ ಸುಮ್ನೆ ಹೇಳಿದರೆ ನನಗೆ ತುಂಬಾ ಸಂಕಟ ಆಗುತ್ತದೆ.

ಇನ್ನೊಂದು ವಿಷಯ. ಸಕ್ಕರೆಯಿಂದ ಕಿಡ್ನಿ ಹೋಗಿ ಸತ್ತರೂ ಎಷ್ಟೋ ಸಲ ದಾಖಲೆಯಲ್ಲಿ ಬರುವುದು ಕಿಡ್ನಿ ಮಾತ್ರ. ಎಷ್ಟೋ ಸಾವುಗಳಿಗೆ ಡಾಕ್ಟರು ಕಾರಣ ಬರೆದಿರುವುದೇ ಇಲ್ಲ. ಹಾಗಾಗಿ ಎರಡು ಊರಿನ ಸಾವಿನ ಅಂಕಿ ಹೋಲಿಸುವ ಮೊದಲು ಅಲ್ಲಿ ಕಾರಣ ಹೇಗೆ ಬರೆಯುತ್ತಾರೆ ಅಂತ ನೋಡಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೆ ಕರೆದುಕೊಂಡು ಹೋಗಿ, ಸಕ್ಕರೆ ಪರೀಕ್ಷೆ ಉಚಿತ. ಪಾದಗಳನ್ನೂ ತೋರಿಸಿ.